ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪೀಕರ್ ಆಗಿದ್ದ ಜೆಸ್ಸಿ ಅನ್ರು ರಾಜ್ಯ ಖಜಾಂಚಿ ಹುದ್ದೆಗೆ ಯಾಕೆ ಬಂದರು? ಅಲ್ಲಿ ಏನು ಮಾಡಿದರು?

ಎರಡು ಚುನಾವಣೆ ಸೋತ ಮೇಲೆ ಬಂದರು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಅವರ ಹೆಸರು ಅದಕ್ಕೂ ಮುಂಚೆಯೇ ದೊಡ್ಡದು. 1954ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಶಾಸಕರಾಗಿ ಗೆದ್ದರು. 1961ರಲ್ಲಿ ಕೆಳಮನೆಯ ಸ್ಪೀಕರ್ ಆದರು. ಅವರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು 1959ರ ನಾಗರಿಕ ಹಕ್ಕು ಕಾಯ್ದೆ. ಬಣ್ಣ, ಧರ್ಮ ನೋಡಿ ಹೋಟೆಲಿನವರಾಗಲಿ ಅಂಗಡಿಯವರಾಗಲಿ ಗಿರಾಕಿಯನ್ನು ವಾಪಸ್ ಕಳಿಸುವಂತಿಲ್ಲ ಎಂದಿತು ಅದು. ಆ ಕಾಯ್ದೆಯನ್ನು ಇಂದಿಗೂ ಅನ್ರು ಹೆಸರಲ್ಲೇ ಕರೆಯುತ್ತಾರೆ.

1970ರಲ್ಲಿ ಗವರ್ನರ್ ಹುದ್ದೆಗೆ ನಿಂತು ರೊನಾಲ್ಡ್ ರೇಗನ್ ಎದುರು ಸೋತರು. 1973ರಲ್ಲಿ ಲಾಸ್ ಏಂಜಲೀಸ್ ಮೇಯರ್ ಸ್ಥಾನವೂ ಸಿಗಲಿಲ್ಲ. ಮರುವರ್ಷ ಖಜಾಂಚಿಯಾಗಿ ಗೆದ್ದರು.

ಆಗ ಆ ಹುದ್ದೆಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆದರೆ ಬಾಂಡ್ (ಸರ್ಕಾರ ಸಾಲ ಎತ್ತುವ ಪತ್ರ) ಹೊರಡಿಸುವ ಮಂಡಳಿಗಳಲ್ಲಿ, ಸರ್ಕಾರಿ ನೌಕರರ ಪಿಂಚಣಿ ನಿಧಿಗಳಲ್ಲಿ ಖಜಾಂಚಿಗೆ ಒಂದು ಕುರ್ಚಿ ಇರುತ್ತದೆ ಅಲ್ವಾ, ಅದನ್ನೇ ಗಟ್ಟಿಯಾಗಿ ಹಿಡಿದರು. ನ್ಯೂಯಾರ್ಕಿನ ಹಣಕಾಸು ಕೇಂದ್ರವಾದ ವಾಲ್ ಸ್ಟ್ರೀಟಿನ ದೊಡ್ಡ ಸಂಸ್ಥೆಗಳೂ ಅವರ ಮಾತಿಗೆ ಬೆಲೆ ಕೊಡತೊಡಗಿದವು. ಪಿಂಚಣಿ ನಿಧಿಗಳು ಷೇರು ಕೊಂಡು ಸುಮ್ನೆ ಕೂರಬಾರದು, ಕಂಪನಿ ನಡೆಸುವವರನ್ನು ಪ್ರಶ್ನೆ ಮಾಡಬೇಕು ಎಂಬುದು ಅವರ ಹಟ. ಅದಕ್ಕಾಗಿ 1985ರಲ್ಲಿ ಇಂಥ ನಿಧಿಗಳ ಒಕ್ಕೂಟ ಕಟ್ಟಲು ಮುಂದೆ ನಿಂತರು. 1987ರಲ್ಲಿ ತೀರಿಕೊಳ್ಳುವವರೆಗೂ ಅವರೇ ಖಜಾಂಚಿ.