ಫ್ರೀಬಿಎಸ್‌ಡಿ 4.11ರಲ್ಲಿ ಕರ್ನಲ್ ಬಿಲ್ಡ್ ಲಿಂಕ್ ಹಂತದಲ್ಲಿ ನಿಲ್ಲುತ್ತಿರುವ ಬಗ್ಗೆ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ಹಳೆಯ ಯಂತ್ರವೊಂದರಲ್ಲಿ ಫ್ರೀಬಿಎಸ್‌ಡಿ 4.11 ಎಂಬ ಆಪರೇಟಿಂಗ್ ಸಿಸ್ಟಮ್ ಇದೆ. ಅದರ ಕರ್ನಲ್ ಅನ್ನು, ಅಂದರೆ ಸಿಸ್ಟಮಿನ ತಿರುಳಾದ ಪ್ರೋಗ್ರಾಮನ್ನು, ಮೂಲ ಕೋಡಿನಿಂದ (ಸೋರ್ಸಿನಿಂದ) ನೀವೇ ಬಿಲ್ಡ್ ಮಾಡಲು ಹೊರಟಿದ್ದೀರಿ. ಕರ್ನಲ್‌ನಲ್ಲಿ ಏನೇನಿರಬೇಕೆಂದು ಹೇಳುವ ಮೂಲ ಕಾನ್ಫಿಗ್ ಕಡತವಾದ ಜೆನೆರಿಕ್ ಅನ್ನು ಮೈಕರ್ನಲ್ ಎಂಬ ಹೆಸರಿನಲ್ಲಿ ನಕಲು ಮಾಡಿಕೊಂಡು, ಯಂತ್ರದಲ್ಲಿ ಸ್ಕಸಿ (ಡಿಸ್ಕುಗಳನ್ನು ಜೋಡಿಸುವ ಒಂದು ಬಗೆ) ಡಿಸ್ಕ್ ಇಲ್ಲವೆಂಬ ಕಾರಣಕ್ಕೆ ಸ್ಕಸಿಯ ಸಾಲುಗಳನ್ನೆಲ್ಲ ತೆಗೆದಿದ್ದೀರಿ. ಏನೆಂದು ತಿಳಿಯದ ಇನ್ನೂ ಕೆಲವು ಸಾಲುಗಳನ್ನು ಕೂಡ ತೆಗೆದಿದ್ದೀರಿ. ರಿಯಲ್‌ಟೆಕ್ ಕಾರ್ಡಿಗೆ ಬೇಕಾದ ಆರ್‌ಎಲ್ ಸಾಲನ್ನೂ ಯುಎಸ್‌ಬಿ ಡ್ರೈವಿಗೆ ಬೇಕಾದ ಯುಮಾಸ್ ಸಾಲನ್ನೂ ಉಳಿಸಿಕೊಂಡಿದ್ದೀರಿ. ಬಿಲ್ಡಿಗೆ ತಯಾರಿ ಮಾಡುವ ಕಾನ್ಫಿಗ್ ಮತ್ತು ಮೇಕ್ ಡಿಪೆಂಡ್ ಆದೇಶಗಳು ತಕರಾರಿಲ್ಲದೆ ಮುಗಿದವು. ಬಿಲ್ಡ್ ಮಾಡುವ ಮೇಕ್ ಆದೇಶ ಬಹಳ ಹೊತ್ತು ಓಡಿ, ಕೊನೆಯಲ್ಲಿ ‘ಲಿಂಕಿಂಗ್ ಕರ್ನಲ್’ ಎಂದು ತೋರಿಸಿದ ಮೇಲೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಾಲುಗಳನ್ನು ಸುರಿದು, ‘ಎರರ್ ಕೋಡ್ 1’ ಎಂದು ನಿಂತಿತು. ತೆಗೆದ ಒಂದೆರಡು ಸಾಲುಗಳನ್ನು ವಾಪಸ್ ಹಾಕಿ ಮತ್ತೆ ಮೇಕ್ ಕೊಟ್ಟರೂ ಅದೇ ದೋಷ ಬಂದಿದೆ. ಸೋರ್ಸನ್ನೇ ಹೊಸದಾಗಿ ತರಬೇಕೇ ಎಂಬುದು ನಿಮ್ಮ ಪ್ರಶ್ನೆ.

ಸೋರ್ಸ್ ತರುವ ಅಗತ್ಯವಿಲ್ಲ. ಸೋರ್ಸ್ ಕೆಟ್ಟಿದ್ದರೆ ಬಿಲ್ಡ್ ಕಂಪೈಲ್ ಹಂತದಲ್ಲೇ, ಅಂದರೆ ಸೋರ್ಸನ್ನು ಯಂತ್ರಭಾಷೆಗೆ ತಿರುಗಿಸುವಾಗಲೇ, ಯಾವುದೋ ಒಂದು ಸಿ ಕಡತದ ಇಂಥ ಸಾಲಿನಲ್ಲಿ ತಪ್ಪಿದೆ ಎಂದು ಹೇಳಿ ನಿಲ್ಲುತ್ತಿತ್ತು. ನಿಮ್ಮಲ್ಲಿ ಪ್ರತಿಯೊಂದು ಕಡತವೂ ಕಂಪೈಲ್ ಆಗಿದೆ. ಅವುಗಳನ್ನು ಒಟ್ಟುಗೂಡಿಸುವಾಗ, ಅಂದರೆ ಲಿಂಕ್ ಮಾಡುವಾಗ, ಒಂದು ಕಡತ ಕರೆಯುವ ಫಂಕ್ಷನ್ ಮತ್ತೆಲ್ಲಿಯೂ ಸಿಕ್ಕಿಲ್ಲ. ಬದಲಾಯಿಸದ ಸೋರ್ಸಿನಲ್ಲಿ ಹೀಗಾಯಿತೆಂದರೆ, ಒಂದು ಡ್ರೈವರನ್ನು ಉಳಿಸಿಕೊಂಡು ಅದು ಆಧರಿಸಿರುವ ಇನ್ನೊಂದನ್ನು ಕಾನ್ಫಿಗ್ ಕಡತದಿಂದ ತೆಗೆಯಲಾಗಿದೆ ಎಂದೇ ಹೆಚ್ಚುಕಡಿಮೆ ಯಾವಾಗಲೂ ಅರ್ಥ. ಆದ್ದರಿಂದ ಬಿಲ್ಡ್ ಸೋತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು ಯಾವ ಹಂತದಲ್ಲಿ ಸೋತಿತು ಎಂಬುದು. ಕಾನ್ಫಿಗ್, ಡಿಪೆಂಡ್, ಕಂಪೈಲ್, ಲಿಂಕ್, ಇನ್‌ಸ್ಟಾಲ್, ಬೂಟ್ ಇವುಗಳಲ್ಲಿ ಒಂದೊಂದು ಹಂತದ ದೋಷಕ್ಕೂ ಕಾರಣಗಳು ಬೇರೆ ಬೇರೆ, ಮತ್ತು ಒಂದು ಹಂತದ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ಹಳೆಯ ಯಂತ್ರದಲ್ಲಿ ಗಂಟೆಗಟ್ಟಲೆ ಸಮಯ ವ್ಯರ್ಥವಾಗುತ್ತದೆ.

ದೋಷವನ್ನು ಓದಲು ಪೂರ್ತಿ ಲಾಗ್ ಕೈಯಲ್ಲಿರಬೇಕು. ಪರದೆಯ ಕೊನೆಯಲ್ಲಿ ಕಾಣುವ ‘ಎರರ್ ಕೋಡ್ 1’ ಮತ್ತು ‘ಸ್ಟಾಪ್ ಇನ್’ ಎಂಬ ಸಾಲುಗಳು ಮೇಕ್ ನಿಂತಿತೆಂದಷ್ಟೇ ಹೇಳುತ್ತವೆ. ಏಕೆ ನಿಂತಿತು ಎಂಬುದು ಅವುಗಳ ಮೇಲಿರುತ್ತದೆ. ಬಿಲ್ಡ್ ಶುರು ಮಾಡುವ ಮೊದಲು ‘ಸ್ಕ್ರಿಪ್ಟ್’ ಆದೇಶವನ್ನು ಕೊಟ್ಟರೆ, ‘ಎಕ್ಸಿಟ್’ ಕೊಡುವ ತನಕ ಪರದೆಗೆ ಬಂದದ್ದೆಲ್ಲ ‘ಟೈಪ್‌ಸ್ಕ್ರಿಪ್ಟ್’ ಎಂಬ ಕಡತದಲ್ಲಿ ಉಳಿಯುತ್ತದೆ. ಮೇಕ್‌ಗೆ ‘-ಜೆ’ ಆಯ್ಕೆ ಕೊಡುತ್ತಿದ್ದರೆ ದೋಷ ಹುಡುಕುವಷ್ಟು ದಿನ ಅದನ್ನು ಬಿಡಿ. ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಅವುಗಳ ಸಾಲುಗಳು ಕಲಸಿಹೋಗಿ, ನಿಜವಾದ ದೋಷ ಎಲ್ಲೋ ಮೇಲೆ ಹುದುಗಿರುತ್ತದೆ.

ಈಗ ನೀವು ಕಳುಹಿಸಿರುವ ಸಾಲುಗಳನ್ನೇ ನೋಡೋಣ. ಮೊದಲನೆಯದು ಇಫ್_ಆರ್‌ಎಲ್.ಓ ಎಂಬ ಆಬ್ಜೆಕ್ಟ್ ಕಡತದ ಬಗ್ಗೆ ಇದೆ: ಆರ್‌ಎಲ್_ಅಟ್ಯಾಚ್ ಎಂಬ ಫಂಕ್ಷನ್ನಿನೊಳಗೆ ಎಂಐಐ_ಫೈ_ಪ್ರೋಬ್ ಎಂಬ ಹೆಸರು ಸಿಕ್ಕಿಲ್ಲ. ಕೇಳುತ್ತಿರುವವರು ಯಾರು, ಕೇಳುತ್ತಿರುವುದು ಏನನ್ನು ಎಂಬ ಎರಡೂ ಮಾಹಿತಿ ಇಲ್ಲಿವೆ. ಕೇಳುತ್ತಿರುವುದು ನಿಮ್ಮ ನೆಟ್‌ವರ್ಕ್ ಕಾರ್ಡಿನ ಡ್ರೈವರ್. ಅದು ಕೇಳುತ್ತಿರುವ ಫಂಕ್ಷನ್ ಯಾವ ಕಡತದಲ್ಲಿದೆ ಎಂದು ತಿಳಿಯಲು /ಯುಎಸ್‌ಆರ್/ಎಸ್‌ಆರ್‌ಸಿ/ಸಿಸ್ ಒಳಗೆ ಗ್ರೆಪ್ ಆದೇಶದಿಂದ ಹುಡುಕಿದರೆ ಡೆವ್/ಎಂಐಐ/ಎಂಐಐ.ಸಿ ಸಿಗುತ್ತದೆ. ಮುಂದಿನ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಆದರೆ ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಉಪಯುಕ್ತವಾದದ್ದು ಅದೇ: /ಯುಎಸ್‌ಆರ್/ಎಸ್‌ಆರ್‌ಸಿ/ಸಿಸ್/ಕಾನ್ಫ್/ಫೈಲ್ಸ್ ಎಂಬ ಕಡತವನ್ನು ತೆರೆದು ಆ ಸಿ ಕಡತದ ಹೆಸರನ್ನು ಹುಡುಕುವುದು. ಅಲ್ಲಿ ಡೆವ್/ಎಂಐಐ/ಎಂಐಐ.ಸಿ ಎಂಬುದರ ಎದುರಿಗೆ ‘ಆಪ್ಷನಲ್ ಎಂಐಐಬಸ್’ ಎಂದಿದೆ. ಅಂದರೆ ಕಾನ್ಫಿಗ್ ಕಡತದಲ್ಲಿ ‘ಡಿವೈಸ್ ಎಂಐಐಬಸ್’ (ಹಲವು ನೆಟ್‌ವರ್ಕ್ ಕಾರ್ಡುಗಳ ಡ್ರೈವರುಗಳು ಹಂಚಿಕೊಳ್ಳುವ ಕೋಡ್) ಎಂಬ ಸಾಲು ಇದ್ದರೆ ಮಾತ್ರ ಆ ಕಡತ ಕರ್ನಲ್‌ಗೆ ಸೇರುತ್ತದೆ. ಯಾವ ಸೋರ್ಸ್ ಕಡತ ಯಾವ ಪದಕ್ಕೆ ಕಟ್ಟುಬಿದ್ದಿದೆ ಎಂಬುದರ ಪೂರ್ಣ ಪಟ್ಟಿ ಇದು. ಐ386ಕ್ಕೆ (ಇಂಟೆಲ್ ಬಗೆಯ 32 ಬಿಟ್ ಪಿಸಿಗಳಿಗೆ) ಸೀಮಿತವಾದವು ಅದರ ಪಕ್ಕದ ಫೈಲ್ಸ್.ಐ386 ಎಂಬುದರಲ್ಲಿವೆ. ಇವೆರಡನ್ನು ಓದಲು ಕಲಿತರೆ ಲಿಂಕ್ ದೋಷಕ್ಕೆ ಬೇರೊಬ್ಬರ ಉತ್ತರಕ್ಕಾಗಿ ಕಾಯಬೇಕಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಮ್ಮ ಪಟ್ಟಿಯಲ್ಲಿ ಎಂಐಐಬಸ್_ರೀಡ್‌ರೆಗ್_ಡೆಸ್ಕ್ ಎಂಬ ಹೆಸರೂ ಇದೆ. ಅದನ್ನು ಇದ್ದ ಹಾಗೆಯೇ ಗ್ರೆಪ್ ಮಾಡಿದರೆ ಸೋರ್ಸಿನಲ್ಲಿ ಸಿಗುವುದಿಲ್ಲ, ಏಕೆಂದರೆ ಅದು ಎಂಐಐಬಸ್_ಇಫ್.ಎಂ ಎಂಬ ಇಂಟರ್‌ಫೇಸ್ ಕಡತದಿಂದ ಬಿಲ್ಡ್ ಸಮಯದಲ್ಲಿ ಹುಟ್ಟುವ ಹೆಸರು. ಸಿಗಲಿಲ್ಲವೆಂದು ಸೋರ್ಸ್ ಅಪೂರ್ಣವಾಗಿದೆ ಎಂಬ ನಿರ್ಧಾರಕ್ಕೆ ಬರಬೇಡಿ. ಹೀಗೆ ‘_ಡೆಸ್ಕ್’ ಎಂದು ಕೊನೆಯಾಗುವ ಹೆಸರು ಕಂಡಾಗ ಅದರ ಮೊದಲ ಭಾಗವನ್ನು ಮಾತ್ರ ಇಟ್ಟುಕೊಂಡು ಹುಡುಕಿ.

ಎರಡನೆಯ ಗುಂಪಿನ ಸಾಲುಗಳು ಯುಮಾಸ್.ಓ ಕಡತದವು, ಕ್ಯಾಮ್_ಸಿಮ್_ಅಲಾಕ್, ಎಕ್ಸ್‌ಪಿಟಿ_ಬಸ್_ರಿಜಿಸ್ಟರ್ ಮೊದಲಾದವು ಸಿಕ್ಕಿಲ್ಲ ಎನ್ನುತ್ತವೆ. ಇವು ಸ್ಕಸಿ ಸಾಧನಗಳನ್ನು ನಡೆಸುವ ಕ್ಯಾಮ್ ಎಂಬ ಪದರದ ಫಂಕ್ಷನ್ನುಗಳು. ಫೈಲ್ಸ್ ಕಡತದಲ್ಲಿ ನೋಡಿದರೆ ಇವೆಲ್ಲ ‘ಎಸ್‌ಸಿಬಸ್’ ಎಂಬ ಪದಕ್ಕೆ ಸೇರಿವೆ. ಫ್ರೀಬಿಎಸ್‌ಡಿಯಲ್ಲಿ ಯುಎಸ್‌ಬಿ ಡ್ರೈವನ್ನು ಕರ್ನಲ್ ಸ್ಕಸಿ ಡಿಸ್ಕಿನಂತೆಯೇ ನಡೆಸಿಕೊಳ್ಳುತ್ತದೆ. ಹಾಗಾಗಿ ಯಂತ್ರದಲ್ಲಿ ಒಂದೇ ಒಂದು ಸ್ಕಸಿ ಸಾಧನ ಇಲ್ಲದಿದ್ದರೂ ಯುಮಾಸ್ ಬೇಕೆಂದರೆ ಎಸ್‌ಸಿಬಸ್ (ಸ್ಕಸಿ ಬಸ್) ಮತ್ತು ಡಿಎ (ಸ್ಕಸಿ ಡಿಸ್ಕ್) ಎಂಬ ಎರಡು ಸಾಲುಗಳು ಇರಲೇಬೇಕು. ನೀವು ತೆಗೆದಿರುವ ಉಳಿದ ಸ್ಕಸಿ ಅಡಾಪ್ಟರ್ ಸಾಲುಗಳನ್ನು ವಾಪಸ್ ಹಾಕುವ ಅಗತ್ಯವಿಲ್ಲ.

ಈ ಎರಡೂ ಅವಲಂಬನೆಗಳನ್ನು ಜೆನೆರಿಕ್ ಕಡತವೇ ಟಿಪ್ಪಣಿಯಲ್ಲಿ ತಿಳಿಸಿದೆ. ಪಿಸಿಐ ನೆಟ್‌ವರ್ಕ್ ಕಾರ್ಡುಗಳ ಪಟ್ಟಿ ಶುರುವಾಗುವ ಮೊದಲು, ಈ ಕಾರ್ಡುಗಳನ್ನು ಬಳಸಲು ಎಂಐಐಬಸ್ ಸಾಲನ್ನು ಉಳಿಸಿಕೊಳ್ಳಬೇಕೆಂದು ಬರೆದಿದೆ. ಯುಮಾಸ್ ಸಾಲಿನ ಪಕ್ಕದಲ್ಲೇ ಎಸ್‌ಸಿಬಸ್ ಮತ್ತು ಡಿಎ ಬೇಕೆಂದು ಬರೆದಿದೆ. ಸಾಲುಗಳನ್ನು ಅಳಿಸುವ ಬದಲು ಮುಂದೆ ‘#’ ಗುರುತು ಹಾಕಿ ಇಟ್ಟುಕೊಳ್ಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ: ಸಾಲನ್ನು ಅಳಿಸಿದರೆ ಅದರ ಟಿಪ್ಪಣಿಯೂ ಹೋಗುತ್ತದೆ.

ಹಾಗಾದರೆ ಸಾಲುಗಳನ್ನು ವಾಪಸ್ ಹಾಕಿದ ಮೇಲೂ ದೋಷ ಏಕೆ ಉಳಿಯಿತು? ನೀವು ಮೈಕರ್ನಲ್ ಕಡತವನ್ನು ತಿದ್ದಿ, ನೇರವಾಗಿ ಕಂಪೈಲ್ ಡೈರೆಕ್ಟರಿಗೆ ಹೋಗಿ ಮೇಕ್ ಕೊಟ್ಟಿದ್ದೀರಿ. ಆ ಡೈರೆಕ್ಟರಿಯಲ್ಲಿರುವ ಮೇಕ್‌ಫೈಲನ್ನು ಬರೆಯುವುದು ಕಾನ್ಫಿಗ್ ಆದೇಶ. ಅದನ್ನು ಮತ್ತೆ ಓಡಿಸದಿದ್ದರೆ ಮೇಕ್‌ಗೆ ನಿಮ್ಮ ತಿದ್ದುಪಡಿ ಗೊತ್ತೇ ಆಗುವುದಿಲ್ಲ. ಈ ಬಾರಿ /ಯುಎಸ್‌ಆರ್/ಎಸ್‌ಆರ್‌ಸಿ/ಸಿಸ್/ಕಂಪೈಲ್/ಮೈಕರ್ನಲ್ ಡೈರೆಕ್ಟರಿಯನ್ನು ಪೂರ್ತಿ ಅಳಿಸಿ, /ಯುಎಸ್‌ಆರ್/ಎಸ್‌ಆರ್‌ಸಿ/ಸಿಸ್/ಐ386/ಕಾನ್ಫ್‌ಗೆ ಹೋಗಿ ‘ಕಾನ್ಫಿಗ್ ಮೈಕರ್ನಲ್’ ಕೊಟ್ಟು, ಹೊಸದಾಗಿ ಸೃಷ್ಟಿಯಾದ ಡೈರೆಕ್ಟರಿಯಲ್ಲಿ ‘ಮೇಕ್ ಡಿಪೆಂಡ್’ ಮತ್ತು ಅದರ ನಂತರ ‘ಮೇಕ್’ ಕೊಡಿ. ಬಿಲ್ಡ್ ಶುರು ಮಾಡುವ ಮೊದಲು ‘ಡೇಟ್’ ಕೊಟ್ಟು ಯಂತ್ರದ ಗಡಿಯಾರ ಸರಿಯಿದೆಯೇ ಎಂದು ನೋಡಿಕೊಳ್ಳಿ. ಹಳೆಯ ಮದರ್‌ಬೋರ್ಡುಗಳಲ್ಲಿ ಬ್ಯಾಟರಿ ಸತ್ತಿದ್ದರೆ ದಿನಾಂಕ ಹಿಂದಕ್ಕೆ ಹೋಗಿರುತ್ತದೆ; ಕಡತಗಳ ಸಮಯವನ್ನು ಹೋಲಿಸಿಯೇ ಕೆಲಸ ಮಾಡುವ ಮೇಕ್ ಆಗ ಯಾವುದು ಹೊಸದು, ಯಾವುದು ಹಳೆಯದು ಎಂಬುದನ್ನು ತಪ್ಪಾಗಿ ತೀರ್ಮಾನಿಸುತ್ತದೆ.

ಇಷ್ಟಾದರೂ ಬಿಲ್ಡ್ ನಿಂತರೆ, ಏನನ್ನೂ ಬದಲಾಯಿಸದ ಜೆನೆರಿಕ್ ಅನ್ನೇ ಒಮ್ಮೆ ಬಿಲ್ಡ್ ಮಾಡಿ. ಅದು ಸರಿಯಾಗಿ ಮುಗಿದರೆ ಸೋರ್ಸ್, ಕಂಪೈಲರ್, ಯಂತ್ರ ಮೂರರ ಮೇಲಿನ ಅನುಮಾನವೂ ಬಹುಪಾಲು ಹೋಗುತ್ತದೆ, ಮತ್ತು ಎರಡು ಕಡತಗಳನ್ನು ಹೋಲಿಸುವ ಡಿಫ್ ಆದೇಶ ಕೊಟ್ಟಾಗ ಜೆನೆರಿಕ್‌ಗೂ ನಿಮ್ಮ ಕಡತಕ್ಕೂ ನಡುವೆ ಕಾಣುವ ವ್ಯತ್ಯಾಸಗಳಲ್ಲೇ ಉತ್ತರವಿರುತ್ತದೆ. ಜೆನೆರಿಕ್ ಕೂಡ ನಿಂತರೆ ಮಾತ್ರ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಒಮ್ಮೆ ಮಧ್ಯದಲ್ಲಿ ಕಂಪೈಲರ್ ‘ಸಿಗ್ನಲ್ 11’ (ತಪ್ಪು ಮೆಮೊರಿ ಬಳಕೆಯ ದೋಷ) ಎಂದು ಸತ್ತಿತ್ತು ಎಂದೂ ನೀವು ಬರೆದಿದ್ದೀರಿ. ಅದು ಪ್ರತಿ ಬಾರಿ ಒಂದೇ ಕಡತದಲ್ಲಿ ಬರುತ್ತದೆಯೋ ಬೇರೆ ಬೇರೆ ಕಡತಗಳಲ್ಲಿ ಬರುತ್ತದೆಯೋ ಎಂಬುದನ್ನು ಗಮನಿಸಿ. ಜಾಗ ಬದಲಾಗುತ್ತಿದ್ದರೆ ಮೆಮೊರಿ ಸ್ಟಿಕ್ಕನ್ನೂ ಪ್ರಾಸೆಸರ್ ಬಿಸಿಯಾಗುತ್ತಿರುವುದನ್ನೂ ಅನುಮಾನಿಸಿ. ಅಂಥ ಯಂತ್ರದಲ್ಲಿ ಹುಟ್ಟಿದ ಕರ್ನಲ್ಲನ್ನು, ಬಿಲ್ಡ್ ಕೊನೆಗೆ ಯಶಸ್ವಿಯಾದರೂ, ನಂಬಬಾರದು. ಒಂದೇ ಜಾಗದಲ್ಲಿ ಬರುತ್ತಿದ್ದರೆ /ಇಟಿಸಿ/ಮೇಕ್.ಕಾನ್ಫ್ ತೆರೆದು ನೋಡಿ. ಅಲ್ಲಿ ‘-ಓ’ಗಿಂತ ಮೇಲಿನ ಆಪ್ಟಿಮೈಸೇಶನ್ ಮಟ್ಟವನ್ನು ಹಾಕಿದ್ದರೆ ತೆಗೆಯಿರಿ, 4ರ ಸರಣಿಯ ಜಿಸಿಸಿ 2.95ರಲ್ಲಿ ಕರ್ನಲ್‌ಗೆ ಅದಕ್ಕಿಂತ ಹೆಚ್ಚಿನದನ್ನು ಶಿಫಾರಸು ಮಾಡಿರಲಿಲ್ಲ.

ಇನ್ನೊಂದು ಎಚ್ಚರಿಕೆ, ಬೇರೆ ಕಡೆಯಿಂದ ಕಾನ್ಫಿಗ್ ಸಾಲುಗಳನ್ನು ನಕಲು ಮಾಡುವವರಿಗೆ. 4ರ ಸರಣಿಯಲ್ಲಿ ‘ಸೂಡೋ-ಡಿವೈಸ್ ಲೂಪ್’, ‘ಸೂಡೋ-ಡಿವೈಸ್ ಈಥರ್’ ಎಂದಿದ್ದವು 5ರ ಸರಣಿಯಲ್ಲಿ ಬರೀ ‘ಡಿವೈಸ್’ ಆದವು. ಒಂದರ ಸಾಲನ್ನು ಇನ್ನೊಂದಕ್ಕೆ ಹಾಕಿದರೆ ಬಿಲ್ಡ್ ಸರಿಹೋಗುವುದಿಲ್ಲ. ಹೊಸ ಆಯ್ಕೆಗಳನ್ನು ನಿಮ್ಮದೇ ಕಾನ್ಫ್ ಡೈರೆಕ್ಟರಿಯಲ್ಲಿರುವ, ಆಯ್ಕೆಗಳನ್ನು ಪಟ್ಟಿ ಮಾಡುವ ಲಿಂಟ್ ಎಂಬ ಕಡತದಿಂದ ಮಾತ್ರ ತೆಗೆದುಕೊಳ್ಳಿ. ಸೋರ್ಸ್ ಯಾವ ಆವೃತ್ತಿಯದೆಂದು ಕಾನ್ಫ್/ನ್ಯೂವರ್ಸ್.ಎಸ್‌ಎಚ್‌ನಲ್ಲಿ ಬರೆದಿರುತ್ತದೆ, ಅದು ‘ಯುನೇಮ್ -ಆರ್’ ಹೇಳುವುದಕ್ಕೆ ಹೊಂದಬೇಕು. ಹೊಂದದಿದ್ದರೆ ಕರ್ನಲ್ ಬೂಟ್ ಆದ ಮೇಲೂ ಓಡುತ್ತಿರುವ ಪ್ರೋಗ್ರಾಮುಗಳನ್ನು ತೋರಿಸುವ ಪಿಎಸ್, ಟಾಪ್‌ನಂಥ ಉಪಕರಣಗಳು ಕೆಲಸ ಮಾಡದೆ ಹೋಗಬಹುದು.

ಇನ್‌ಸ್ಟಾಲ್ ಮಾಡುವ ಮೊದಲು ದಯವಿಟ್ಟು ಒಂದು ಕೆಲಸ ಮಾಡಿ: ಈಗ ಓಡುತ್ತಿರುವ /ಕರ್ನಲ್ ಅನ್ನು /ಕರ್ನಲ್.ಗುಡ್ ಎಂದು ನಕಲು ಮಾಡಿಟ್ಟುಕೊಳ್ಳಿ. ‘ಮೇಕ್ ಇನ್‌ಸ್ಟಾಲ್’ ಹಳೆಯದನ್ನು /ಕರ್ನಲ್.ಓಲ್ಡ್ ಮಾಡಿ ಇಡುತ್ತದೆ, ನಿಜ. ಆದರೆ ಕೆಟ್ಟ ಕರ್ನಲ್ ಒಂದನ್ನು ಹಾಕಿ, ಅದನ್ನು ತಿದ್ದಿ ಎರಡನೆಯ ಬಾರಿ ಇನ್‌ಸ್ಟಾಲ್ ಮಾಡಿದಿರೆಂದರೆ ಕರ್ನಲ್.ಓಲ್ಡ್ ಎಂಬುದು ಆ ಕೆಟ್ಟ ಕರ್ನಲ್ಲೇ ಆಗಿಬಿಡುತ್ತದೆ, ಒಳ್ಳೆಯದು ಎಲ್ಲಿಯೂ ಉಳಿಯುವುದಿಲ್ಲ. ನಕಲಿಗೆ ರೂಟ್ ಪಾರ್ಟಿಶನ್ನಿನಲ್ಲಿ ಜಾಗವಿದೆಯೇ ಎಂದು ‘ಡಿಎಫ್’ ಕೊಟ್ಟು ನೋಡಿಕೊಳ್ಳಿ.

ಏನೆಂದು ತಿಳಿಯದೆ ತೆಗೆದ ಸಾಲುಗಳ ಬಗ್ಗೆ ನನಗೆ ನಿಜವಾದ ಆತಂಕವಿದೆ, ಏಕೆಂದರೆ ಎಲ್ಲ ತಪ್ಪುಗಳೂ ಲಿಂಕ್ ಹಂತದಲ್ಲಿ ಸಿಕ್ಕಿಬೀಳುವುದಿಲ್ಲ. ಹಾರ್ಡ್ ಡಿಸ್ಕಿಗೆ ಬೇಕಾದ ಎಟಿಎ, ಎಟಿಎಡಿಸ್ಕ್ ಅಥವಾ ರೂಟ್ ಫೈಲ್‌ಸಿಸ್ಟಮಿಗೆ ಬೇಕಾದ ಎಫ್‌ಎಫ್‌ಎಸ್_ರೂಟ್ ಸಾಲು ಹೋಗಿದ್ದರೆ ಬಿಲ್ಡ್ ಸಲೀಸಾಗಿ ಮುಗಿದು, ಬೂಟ್ ಆಗುವಾಗ ರೂಟ್ ಫೈಲ್‌ಸಿಸ್ಟಮ್ ಸಿಗದೆ ‘ಮೌಂಟ್‌ರೂಟ್’ ಪ್ರಾಂಪ್ಟಿನಲ್ಲಿ ನಿಲ್ಲಬಹುದು. ಸಿಪಿಯು ಸಾಲುಗಳಲ್ಲಿ ನಿಮ್ಮ ಪ್ರಾಸೆಸರಿನ ವರ್ಗವನ್ನೇ ತೆಗೆದಿದ್ದರೆ, ಉದಾಹರಣೆಗೆ ಮೊದಲ ಪೆಂಟಿಯಂ ಯಂತ್ರದಲ್ಲಿ ಐ686_ಸಿಪಿಯು ಒಂದನ್ನೇ ಉಳಿಸಿಕೊಂಡಿದ್ದರೆ, ಕರ್ನಲ್ ಆರಂಭದಲ್ಲೇ ಪ್ಯಾನಿಕ್ ಆಗಿ ನಿಂತುಬಿಡುತ್ತದೆ. ಹಾಗೇನಾದರೂ ಆದರೆ ಗಾಬರಿಯಾಗಬೇಡಿ. ಯಂತ್ರವನ್ನು ಮತ್ತೆ ಚಾಲೂ ಮಾಡಿ, ಕರ್ನಲ್ ಅನ್ನು ಮೆಮೊರಿಗೆ ತರುವ ಲೋಡರಿನ ಎಣಿಕೆ ನಡೆಯುತ್ತಿರುವಾಗ ಎಂಟರ್ ಬಿಟ್ಟು ಬೇರೆ ಯಾವುದಾದರೂ ಕೀ ಒತ್ತಿ, ‘ಅನ್‌ಲೋಡ್’ ಕೊಟ್ಟು, ನಂತರ ‘ಬೂಟ್ ಕರ್ನಲ್.ಗುಡ್’ ಕೊಡಿ. ಯಂತ್ರ ಮೇಲೆದ್ದ ಬಳಿಕ ಕೆಟ್ಟ /ಕರ್ನಲ್ ಅನ್ನು ಕೈಯಿಂದ ಬದಲಾಯಿಸಲು ಹೋದರೆ ರೂಟ್ ಬಳಕೆದಾರರಿಗೂ ಅನುಮತಿ ಇಲ್ಲವೆಂದು ಬರುತ್ತದೆ. ಕರ್ನಲ್ ಕಡತದ ಮೇಲೆ ಎಸ್‌ಸಿಎಚ್‌ಜಿ ಎಂಬ, ಕಡತ ಬದಲಾಗದಂತೆ ತಡೆಯುವ ಫ್ಲ್ಯಾಗ್ ಇರುವುದೇ ಅದಕ್ಕೆ ಕಾರಣ. ‘ಸಿಎಚ್‌ಫ್ಲಾಗ್ಸ್ ನೋಎಸ್‌ಸಿಎಚ್‌ಜಿ /ಕರ್ನಲ್’ ಕೊಟ್ಟ ಮೇಲೆ ಬದಲಾಯಿಸಬಹುದು.

ಎಂಐಐಬಸ್, ಎಸ್‌ಸಿಬಸ್, ಡಿಎ ಮೂರನ್ನೂ ಹಾಕಿ, ಕಾನ್ಫಿಗ್‌ನಿಂದ ಹೊಸದಾಗಿ ಶುರು ಮಾಡಿದರೆ ನೀವು ತೋರಿಸಿರುವ ಎಲ್ಲ ಸಾಲುಗಳೂ ಹೋಗಬೇಕು. ಬೂಟ್ ಆದ ಮೇಲೆ ‘ಯುನೇಮ್ -ವಿ’ಯಲ್ಲಿ ಮೈಕರ್ನಲ್ ಹೆಸರು ಕಾಣುತ್ತದೆಯೇ, ಇಫ್‌ಕಾನ್ಫಿಗ್‌ನಲ್ಲಿ ಆರ್‌ಎಲ್0 ಇದೆಯೇ ಎಂದು ನೋಡಿ. ಬೇರೆ ಯಾವುದಾದರೂ ಹೆಸರು ಸಿಕ್ಕಿಲ್ಲವೆಂದು ಮತ್ತೆ ಬಂದರೆ, ಜೆನೆರಿಕ್‌ಗೂ ಮೈಕರ್ನಲ್‌ಗೂ ಇರುವ ಡಿಫ್ ಅನ್ನು ಮತ್ತು ಟೈಪ್‌ಸ್ಕ್ರಿಪ್ಟಿನಲ್ಲಿ ಮೊದಲ ದೋಷ ಶುರುವಾಗುವ ಸಾಲಿನಿಂದ ಮುಂದಿನ ಭಾಗವನ್ನು ಇಲ್ಲಿ ಹಾಕಿ, ನೋಡುತ್ತೇನೆ.