ಕೊಡಗಿನ ಲೈನ್ ಮನೆಗಳ (ಕಾಫಿ ತೋಟದ ಕೂಲಿ ಕಾರ್ಮಿಕರ ಸಾಲು ಮನೆಗಳ) ಪೋಷಕರು ಶಾಲೆಯ ಸಭೆಗೆ ಯಾಕೆ ಬರುವುದಿಲ್ಲ?

ಆಸಕ್ತಿ ಇಲ್ಲ ಅಂತ ಸುಮ್ನೆ ಹೇಳಿಬಿಡುತ್ತೇವೆ. ಅದು ಸರಿಯಲ್ಲ.

ದೊಡ್ಡ ಅಡ್ಡಿ ಕೂಲಿ. ಸಭೆ ಇಡುವುದೇ ಕೆಲಸದ ದಿನ, ಹಗಲು ಹೊತ್ತು. ಕಾಫಿ ಕೊಯ್ಲಿನ ಸಮಯದಲ್ಲಿ ಬಹಳ ತೋಟಗಳಲ್ಲಿ ಹಣ್ಣು ಕುಯ್ದಷ್ಟು ಕಿಲೋಗೆ ದುಡ್ಡು. ಅರ್ಧ ದಿನ ಬಿಟ್ಟರೆ ಆ ವಾರದ ಬಟವಾಡೆಯಲ್ಲಿ ಗೊತ್ತಾಗುತ್ತದೆ. ತೋಟದೊಳಗಿಂದ ರಸ್ತೆವರೆಗೆ ನಡೆಯಬೇಕು, ಬಸ್ಸು ಕಮ್ಮಿ, ಕೆಲವು ಕಡೆ ಆನೆ ಭಯ ಬೇರೆ.

ಇನ್ನೊಂದು ಸಂಕೋಚ. ಯರವ, ಜೇನುಕುರುಬ ಆದಿವಾಸಿಗಳ ಮನೆಮಾತು ಬೇರೆ. ಅಸ್ಸಾಂನಿಂದ ಬಂದವರಿಗೆ ಕನ್ನಡವೇ ಹೊಸದು. ಶಾಲೆ ಕಳಿಸಿದ ಚೀಟಿ ಮಗುವಿನ ಬ್ಯಾಗಿನಲ್ಲೇ ಉಳಿಯುತ್ತದೆ. ಬಂದ ತಾಯಿಯೂ ಬಾಗಿಲ ಹತ್ತಿರ ನಿಂತು, ಹೆಬ್ಬೆಟ್ಟು ಒತ್ತಿ ಹೊರಡುತ್ತಾಳೆ. ಅವಳನ್ನು ಯಾರೂ ಏನೂ ಕೇಳಿರುವುದಿಲ್ಲ. ನನಗೆ ತುಂಬಾ ನೋವು ಕೊಡುವುದು ಇದೇ.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರು. ಬಡ, ಹಿಂದುಳಿದ ಮನೆಗಳಿಗೂ ಅವರ ಸಂಖ್ಯೆಗೆ ತಕ್ಕ ಪಾಲಿದೆ. ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಅಲ್ವಾ?

ಸಭೆಯನ್ನು ರಜಾ ದಿನ ಲೈನ್ ಮನೆ ಹತ್ತಿರವೇ ಇಡಿ. ಅವರ ಮಾತು ಬಲ್ಲವರೊಬ್ಬರು ಜೊತೆಗಿರಲಿ. ಹಾಜರಾತಿ, ದೂರಿಗಿಂತ ಮೊದಲು ಮಗು ಏನು ಚೆನ್ನಾಗಿ ಮಾಡುತ್ತದೆ ಅಂತ ಹೇಳಿ.