ವರ್ಜೀನಿಯಾಕ್ಕೆ ಬರುತ್ತಿರುವವರಿಗೆ: ಜೆಫರ್ಸನ್ ಬಗ್ಗೆ ಮಗಳಿಗೆ ಏನು ಹೇಳಬೇಕು?

ಜುಲೈನಲ್ಲಿ ದಾವಣಗೆರೆಯಿಂದ ಕುಟುಂಬಸಮೇತ ವರ್ಜೀನಿಯಾದ ಆಶ್‌ಬರ್ನ್‌ಗೆ ಬರುತ್ತಿರುವ ನೀವು ಮನೆ, ಚಳಿ, ಶಾಲೆ, ಅಡುಗೆ ಸಾಮಾನು ಎಂದು ಹಲವನ್ನು ಕೇಳಿ, ಕೊನೆಗೆ ಸಂಕೋಚದಿಂದ ಇನ್ನೊಂದು ಪ್ರಶ್ನೆ ಸೇರಿಸಿದ್ದೀರಿ. ಇಲ್ಲಿ ನಾಲ್ಕನೆಯ ತರಗತಿಗೆ ಸೇರಲಿರುವ ನಿಮ್ಮ ಮಗಳು, ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ಎಲ್ಲರೂ ಸಮಾನರೆಂದು ಬರೆದ, ಮುಂದೆ ಅಧ್ಯಕ್ಷರೂ ಆದ ಥಾಮಸ್ ಜೆಫರ್ಸನ್ ಗುಲಾಮರನ್ನು ಇಟ್ಟುಕೊಂಡಿದ್ದು ನಿಜವೇ ಎಂದು ಕೇಳಿದ್ದಾಳೆ. ಅವಳಿಗೆ ಏನು ಹೇಳಲಿ, ಅಲ್ಲಿಯವರ ಎದುರು ಈ ವಿಷಯ ಎತ್ತಬಹುದೇ ಎಂಬುದು ನಿಮ್ಮ ಚಿಂತೆ.

ಮೊದಲಿನವುಗಳಿಗೆ ಉತ್ತರ ಚಿಕ್ಕದು. ಯಾವ ಶಾಲೆಯ ವ್ಯಾಪ್ತಿಗೆ ಬರುತ್ತದೆಂದು ನೋಡಿಕೊಂಡು ಮನೆ ಹಿಡಿಯಿರಿ, ಲಸಿಕೆಯ ದಾಖಲೆಗೆ ವೈದ್ಯರ ಸಹಿ, ಮೊಹರು ಹಾಕಿಸಿ ತನ್ನಿ, ಚಳಿಯ ಕೋಟನ್ನು ಇಲ್ಲಿಯೇ ಕೊಳ್ಳಿ. ಸೋನಾ ಮಸೂರಿ, ರಾಗಿ ಹಿಟ್ಟು ಎಲ್ಲವೂ ಸಿಗುತ್ತವೆ. ನಿಮ್ಮ ಊರಿನ ಬೆಣ್ಣೆದೋಸೆಯ ಮಾತು ಮಾತ್ರ ಬೇಡ.

ನಾನು ಈ ರಾಜ್ಯಕ್ಕೆ ಬಂದದ್ದು 1998ರ ಕೊನೆಯಲ್ಲಿ. ಜೆಫರ್ಸನ್ ಮನೆತನದ ಗಂಡುಸಂತತಿಯ ಡಿಎನ್‌ಎ, ಅವರ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಕಿರಿಯ ಮಗನ ವಂಶಜರೊಬ್ಬರ ಡಿಎನ್‌ಎಗೆ ಹೊಂದುತ್ತದೆ, ಅಂದರೆ ಆ ಮಗನ ತಂದೆ ಜೆಫರ್ಸನ್ನರೇ ಇರಬಹುದು ಎಂಬ ಸುದ್ದಿ ಆ ನವೆಂಬರ್‌ನಲ್ಲಿ ಹೊರಬಿದ್ದಿತ್ತು. ಕಚೇರಿಯ ಊಟದ ಕೋಣೆಯಲ್ಲಿ ಅದೇ ಚರ್ಚೆ, ಅದೂ ತಗ್ಗಿದ ದನಿಯಲ್ಲಿ. ಜೆಫರ್ಸನ್ ಎಂದರೆ ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆ ಎಂದಷ್ಟೇ ತಿಳಿದಿದ್ದ ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಈಗ ಕಾಲ ಬದಲಾಗಿದೆ. ನಿಮ್ಮ ಮಗಳ ಶಾಲೆಯಲ್ಲೇ ಇದನ್ನು ಎತ್ತುತ್ತಾರೆ. ಆದರೆ ‘ಆ ಕಾಲವೇ ಹಾಗಿತ್ತು’ ಎಂಬ ಉತ್ತರವನ್ನು ದಯವಿಟ್ಟು ಅವಳ ಬಾಯಿಗೆ ಕೊಡಬೇಡಿ. ನಮ್ಮವರು ಬಹಳ ಸಲೀಸಾಗಿ ಹೇಳುವ ಮಾತು ಅದು. ಇತಿಹಾಸದ ಮೇಷ್ಟ್ರಾಗಿದ್ದ ನನ್ನ ತಂದೆಯೂ ಜೆಫರ್ಸನ್ನರ ಮನೆಯಾದ ಮಾಂಟಿಚೆಲೊ ನೋಡಲು ಹೋದಾಗ ಅದನ್ನೇ ಹೇಳಿದರು.

ಆ ಕಾಲ ಹಾಗೆ ಒಂದೇ ಮನಸ್ಸಿನದಾಗಿರಲಿಲ್ಲ. 1776ರ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಸ್ವತಃ ಜೆಫರ್ಸನ್, ಗುಲಾಮರ ವ್ಯಾಪಾರದ ಪಾಪವನ್ನು ಇಂಗ್ಲೆಂಡಿನ ದೊರೆಯ ತಲೆಗೆ ಕಟ್ಟಿ ಒಂದು ಖಾರವಾದ ಭಾಗ ಬರೆದಿದ್ದರು. ವಸಾಹತುಗಳ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಅದನ್ನು ತೆಗೆದುಹಾಕಿತು. 1787ರಲ್ಲಿ ಫಿಲಡೆಲ್ಫಿಯಾದ ಸಂವಿಧಾನ ಸಭೆಯಲ್ಲಿ ವರ್ಜೀನಿಯಾದ ಜಾರ್ಜ್ ಮೇಸನ್, ತಾವೇ ಗುಲಾಮರ ಒಡೆಯರಾಗಿದ್ದೂ, ಪ್ರತಿಯೊಬ್ಬ ಒಡೆಯನೂ ಹುಟ್ಟಾ ಸಣ್ಣ ಸರ್ವಾಧಿಕಾರಿ ಎಂದು ಗುಡುಗಿದರು. ದಕ್ಷಿಣ ಕೆರೊಲಿನಾದವರು ಈ ವ್ಯಾಪಾರ ನಿಲ್ಲಿಸಿದರೆ ಒಕ್ಕೂಟವನ್ನೇ ಒಪ್ಪುವುದಿಲ್ಲವೆಂದು ಪಟ್ಟು ಹಿಡಿದರು. ಕೊನೆಗೆ ನಡೆದದ್ದು ಚೌಕಾಸಿ: 1808ರವರೆಗೆ ಆಮದನ್ನು ನಿಷೇಧಿಸುವಂತಿಲ್ಲ, ಮತ್ತು ಪ್ರತಿನಿಧಿ ಸ್ಥಾನಗಳನ್ನು ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲನ್ನು ಲೆಕ್ಕಕ್ಕೆ ಹಿಡಿಯಬೇಕು. ಮತವಿಲ್ಲದವರ ತಲೆ ಎಣಿಸಿ ಅವರ ಒಡೆಯರ ಬಲ ಹೆಚ್ಚಿಸಿದ ಲೆಕ್ಕವದು.

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಕಥೆ ಇನ್ನೂ ಸೂಕ್ಷ್ಮ. ಪೆನ್ಸಿಲ್ವೇನಿಯಾದ 1780ರ ಕಾನೂನಿನಂತೆ ಹೊರಗಿನಿಂದ ತಂದ ಗುಲಾಮರು ಆರು ತಿಂಗಳು ಅಲ್ಲಿ ನೆಲೆಸಿದರೆ ಬಿಡುಗಡೆ ಕೇಳಬಹುದಿತ್ತು. ಅಧ್ಯಕ್ಷರಾಗಿ ಅದೇ ರಾಜ್ಯದ, ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿದ್ದ ಅವರು ಅವಧಿ ತುಂಬುವ ಮೊದಲೇ ತಮ್ಮ ಆಳುಗಳನ್ನು ರಾಜ್ಯದ ಗಡಿಯಾಚೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಅದೇ ಮನೆಯಿಂದ 1796ರಲ್ಲಿ ಓನಾ ಜಡ್ಜ್ ಎಂಬ ಯುವತಿ ತಪ್ಪಿಸಿಕೊಂಡು ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಆದರೂ 1799ರಲ್ಲಿ ಸಾಯುವ ಮೊದಲು, ತಮ್ಮ ಸ್ವಂತ ಹಕ್ಕಿನಲ್ಲಿದ್ದ 123 ಮಂದಿಯ ಬಿಡುಗಡೆಗೆ ಅವರು ಉಯಿಲು ಬರೆದಿಟ್ಟರು. ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಜನರ ಒಡೆಯರಾಗಿದ್ದ ಜೆಫರ್ಸನ್ ಉಯಿಲಿನಲ್ಲಿ ಬಿಡುಗಡೆ ಮಾಡಿದ್ದು ಐವರನ್ನು. ಅವರ ಸಾಲ ತೀರಿಸಲು 1827ರ ಜನವರಿಯಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಹರಾಜು ಹಾಕಲಾಯಿತು.

ಮಾಂಟಿಚೆಲೊದಲ್ಲಿ ತಂದೆಯವರು ಮಾತು ನಿಲ್ಲಿಸಿದ್ದು ಜೆಫರ್ಸನ್ನರ ಜಮೀನಿನ ಲೆಕ್ಕದ ಪುಸ್ತಕದ ಪುಟವೊಂದರ ಪ್ರತಿಯನ್ನು ನೋಡಿ. ಚೊಕ್ಕವಾದ ಅಕ್ಷರದಲ್ಲಿ ಆಳುಗಳ ಹೆಸರುಗಳು, ಅವರಿಗೆ ಹಂಚಿದ ಬಟ್ಟೆ, ಕಂಬಳಿಗಳ ಪಟ್ಟಿ. ಆ ರಾತ್ರಿ ಅವರು ತುಮಕೂರಿನ ಕಡೆಯ ನಮ್ಮ ಹಳೆಯ ಮನೆಯಲ್ಲಿ, ಮದುವೆಗೆ ಮಾಡಿದ ಸಾಲಕ್ಕಾಗಿ ಜೀತಕ್ಕಿದ್ದ ಒಬ್ಬಾತನ ಬಗ್ಗೆ ಹೇಳಿದರು. ಜೀತವೂ ಇಲ್ಲಿಯ ಗುಲಾಮಗಿರಿಯೂ ಒಂದೇ ಅಲ್ಲ. ವರ್ಜೀನಿಯಾದಲ್ಲಿ ತಾಯಿ ಗುಲಾಮಳಾದರೆ ಹುಟ್ಟಿದ ಮಗುವೂ ಗುಲಾಮ ಎಂದು 1662ರಲ್ಲೇ ಕಾನೂನಿತ್ತು. ಆದರೂ ನಮ್ಮಲ್ಲಿ ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡೇ ಇಲ್ಲಿಯವರ ಎದುರು ಮಾತಾಡಿ. ಆ ಮನುಷ್ಯನ ಅಡ್ಡಹೆಸರು ತಂದೆಯವರಿಗೆ ನೆನಪಿತ್ತು, ನಿಜವಾದ ಹೆಸರು ನೆನಪಿರಲಿಲ್ಲ. ಈಗ ತಂದೆಯೂ ಇಲ್ಲ, ಊರಿನಲ್ಲಿ ಅದನ್ನು ಹೇಳಬಲ್ಲವರೂ ಉಳಿದಿಲ್ಲ. ಅದೊಂದು ನನ್ನನ್ನು ಕಾಡುತ್ತಲೇ ಇದೆ.

ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟರೆ ಎಡ್ವರ್ಡ್ ಕೋಲ್ಸ್ ಬಗ್ಗೆ ಬರೆಯಲು ಹೇಳಿ. ಜೆಫರ್ಸನ್ನರ ನೆರೆಯ ಜಮೀನುದಾರರ ಮಗನಾದ ಈತ ಅಧ್ಯಕ್ಷ ಮ್ಯಾಡಿಸನ್ನರ ಕಾರ್ಯದರ್ಶಿಯಾಗಿದ್ದವನು. 1814ರಲ್ಲಿ ಆತ, ಗುಲಾಮರ ವಿಮೋಚನೆಗೆ ನೀವೇ ಮುಂದಾಗಬೇಕು ಎಂದು ಜೆಫರ್ಸನ್ನರಿಗೆ ಪತ್ರ ಬರೆದ. ಎಪ್ಪತ್ತೊಂದರ ಜೆಫರ್ಸನ್, ಇದು ಯುವಕರ ಕೆಲಸ, ಮುದುಕನ ಬಳಿ ಪ್ರಾರ್ಥನೆಯೊಂದೇ ಇದೆ ಎಂದು ಉತ್ತರಿಸಿದರು. ಕೋಲ್ಸ್ ಬಿಡಲಿಲ್ಲ: ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಹಿರಿಯ ಬೆಂಜಮಿನ್ ಫ್ರಾಂಕ್ಲಿನ್ ನಿಮ್ಮ ವಯಸ್ಸು ದಾಟಿದ ಮೇಲೂ ದುಡಿದರಲ್ಲ ಎಂದು ನೆನಪಿಸಿದ. ಆ ಮಾತಿಗೆ ಆಧಾರವಿತ್ತು. 1790ರಲ್ಲಿ, ಸಾವಿಗೆ ಕೆಲವೇ ವಾರಗಳ ಮೊದಲು, ಎಂಬತ್ತನಾಲ್ಕರ ಫ್ರಾಂಕ್ಲಿನ್ ಗುಲಾಮಗಿರಿಯ ವಿರುದ್ಧ ಕಾಂಗ್ರೆಸ್ಸಿಗೆ ಹೋದ ಮನವಿಗೆ ಸಹಿ ಹಾಕಿದ್ದರು. 1819ರಲ್ಲಿ ಕೋಲ್ಸ್ ತನ್ನ ಗುಲಾಮರನ್ನು ಕರೆದುಕೊಂಡು ಇಲಿನಾಯ್‌ಗೆ ಹೊರಟು, ಒಹಾಯೊ ನದಿಯ ದೋಣಿಯಲ್ಲೇ ಅವರಿಗೆ ಬಿಡುಗಡೆಯ ಮಾತು ಹೇಳಿದ. ಮುಂದೆ ಆ ರಾಜ್ಯದ ಗವರ್ನರ್ ಆಗಿ, ಅಲ್ಲಿ ಗುಲಾಮಗಿರಿ ತರಲು ಹೊರಟವರ ವಿರುದ್ಧ ಸೆಣಸಿದ.

ಮೇಸನ್ನರ ಮನೆ ಗನ್‌ಸ್ಟನ್ ಹಾಲ್ ನಿಮಗೆ ಹತ್ತಿರ. ಮಾಂಟಿಚೆಲೊ ಸುಮಾರು ಎರಡು ಗಂಟೆಯ ದಾರಿ. ಆ ಕಡೆಗೇ ಹೊರಟವರು ಮ್ಯಾಡಿಸನ್ನರ ಮನೆ ಮಾಂಟ್‌ಪೆಲಿಯರ್‌ನ ನೆಲಮಾಳಿಗೆಯನ್ನೂ ನೋಡಿ. ಅಲ್ಲಿಯ ಇಟ್ಟಿಗೆಗಳಲ್ಲಿ, ಹಸಿಮಣ್ಣನ್ನು ತಟ್ಟಿದ ಗುಲಾಮರ ಬೆರಳಚ್ಚುಗಳು ಉಳಿದಿವೆ.